ಮೋದಿಯವರ ಶಿಬಿರಗಳೂ ಕಣ್ಣಿನ ಒಳಪದರವೂ

ಯೆರವಡಾದ ಆಗಾ ಖಾನ್ ಅರಮನೆಯನ್ನು ಪುಣೆಯ ಕನ್ನಡಿಗರಾದ ನಾವು ಕಸ್ತೂರಬಾ ಮತ್ತು ಮಹಾದೇವ ದೇಸಾಯಿಯವರ ಸಮಾಧಿಗಳಿಗಾಗಿ ನೆನೆಯುತ್ತೇವೆ. 1942ರ ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಬಂಧಿತರಾದ ಗಾಂಧೀಜಿಯನ್ನು ಇರಿಸಿದ್ದು ಇಲ್ಲಿಯೇ. ಅವರಿಂದ ಪ್ರೇರಿತರಾಗಿ ಆ ದಿನಗಳಲ್ಲಿಯೇ ಹಳ್ಳಿಗಳ ದಾರಿ ಹಿಡಿದವರು ಬೀಳಗಿಯ ನೇತ್ರವೈದ್ಯ ಡಾ. ಎಂ. ಸಿ. ಮೋದಿ.

ಒಂದೇ ದಿನ 833 ಶಸ್ತ್ರಚಿಕಿತ್ಸೆಗಳನ್ನು ಮಾಡಿದ ಅವರ ದಾಖಲೆಯನ್ನು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅದು ಪೊರೆಗಟ್ಟಿದ ಮಸೂರವನ್ನು ಇಡಿಯಾಗಿ ತೆಗೆದು, ದಪ್ಪ ಗಾಜಿನ ಕನ್ನಡಕ ಕೊಟ್ಟು ಕಳುಹಿಸುತ್ತಿದ್ದ ಕಾಲ. ಕುರುಡರಾಗಿ ಬಂದವರು ದಾರಿ ಕಾಣುತ್ತ ಮರಳಿದರು. ಅದರ ಬೆಲೆಯನ್ನು ತಗ್ಗಿಸುವಂತಿಲ್ಲ. ಆದರೆ ಆ ಕಣ್ಣುಗಳು ಇಪ್ಪತ್ತು ವರ್ಷಗಳ ಮೇಲೆ ಹೇಗಿದ್ದವು ಎಂದು ಕೇಳಿದವರು ಕಡಿಮೆ.

ಕೇಳಿದ್ದರೂ ಅಳೆಯುವ ಉಪಕರಣವಿರಲಿಲ್ಲ. ಕಾರ್ನಿಯಾದ ಒಳಮೈಯಲ್ಲಿ ಒಂದೇ ಸಾಲಿನ ಜೀವಕೋಶಗಳ ಪದರವಿದೆ. ಕಾರ್ನಿಯಾದೊಳಗೆ ಸೇರುವ ನೀರನ್ನು ಸದಾ ಹೊರಹಾಕುತ್ತ ಅದನ್ನು ತಿಳಿಯಾಗಿಡುವುದು ಈ ಪದರದ ಕೆಲಸ. ಸತ್ತ ಕೋಶಗಳ ಜಾಗಕ್ಕೆ ಹೊಸವು ಹುಟ್ಟುವುದಿಲ್ಲ. ಉಳಿದವೇ ಹಿಗ್ಗಿ ತೆರಪನ್ನು ಮುಚ್ಚುತ್ತವೆ. ಮೋದಿಯವರಿಗೆ ಪದ್ಮಭೂಷಣ ಸಂದ 1968ರಲ್ಲಿಯೇ, ಕಣ್ಣನ್ನು ಸೀಳದೆ ಈ ಕೋಶಗಳನ್ನು ನೋಡಬಲ್ಲ ಸೂಕ್ಷ್ಮದರ್ಶಕವನ್ನು ಡೇವಿಡ್ ಮಾರಿಸ್ ರೂಪಿಸಿದರು. ರೋಗಿಗಳ ಕಣ್ಣಿನಲ್ಲಿ ಎಣಿಕೆ ಸಾಧ್ಯವಾದದ್ದು 70ರ ದಶಕದ ನಡುವೆ.

ಎಣಿಸಿದಾಗ ಕಂಡದ್ದು ನೆಮ್ಮದಿಯ ಸಂಗತಿಯಲ್ಲ. ಶಸ್ತ್ರಚಿಕಿತ್ಸೆಯ ದಿನ ಆಗುವ ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಅಮೆರಿಕದ ವಿಲಿಯಂ ಬೋರ್ನ್ ಮತ್ತು ಸಂಗಡಿಗರು ಹತ್ತು ವರ್ಷ ಹಿಂಬಾಲಿಸಿ 90ರ ದಶಕದಲ್ಲಿ ಪ್ರಕಟಿಸಿದಂತೆ, ಸಹಜವಾದ ಕಣ್ಣಿನಲ್ಲಿ ವರ್ಷಕ್ಕೆ ಸುಮಾರು ಶೇ. 0.6ರಷ್ಟು ಕೋಶಗಳು ಕಳೆದರೆ, ಪೊರೆ ತೆಗೆದ ಕಣ್ಣಿನಲ್ಲಿ ಶೇ. 2.5ರಷ್ಟು. ಚದರ ಮಿಲಿಮೀಟರಿಗೆ 2000 ಕೋಶಗಳು ಉಳಿದಿದ್ದರೆ ಇಪ್ಪತ್ತು ವರ್ಷಕ್ಕೆ 1200, ಚಿಂತೆಯಿಲ್ಲ. 1000 ಮಾತ್ರ ಉಳಿದಿದ್ದರೆ 600. ಸುಮಾರು 500ಕ್ಕಿಂತ ಕೆಳಗಿಳಿದರೆ ಕಾರ್ನಿಯಾ ನೀರು ತುಂಬಿ ಮಂಜಾಗುವ ಭಯ. ಅಷ್ಟು ಹೊತ್ತಿಗೆ ಶಿಬಿರದ ಚೀಟಿ ಎಲ್ಲಿಯೋ ಕಳೆದಿರುತ್ತದೆ, ಮನೆಯವರು 'ವಯಸ್ಸಾಯಿತಲ್ಲ' ಎಂದುಬಿಡುತ್ತಾರೆ. ಎರಡನೆಯ ಕಣ್ಣಿನ ಚಿಕಿತ್ಸೆಗೆಂದು ಊರಿನಿಂದ ಮಕ್ಕಳ ಬಳಿಗೆ ಬರುವ ಹಿರಿಯರಿಗೆ ಎರಡೂ ಕಣ್ಣುಗಳ ಕೋಶ ಎಣಿಸಿರೆಂದು ವೈದ್ಯರನ್ನು ಕೇಳುವುದು ಹೆಚ್ಚಿನ ಶ್ರಮವಲ್ಲ.

ಹೀಗೆ ಮಂಜಾದ ಕಣ್ಣಿಗೆ ಹಿಂದೆ ಇಡೀ ಕಾರ್ನಿಯಾವನ್ನೇ ಕಸಿ ಮಾಡಬೇಕಿತ್ತು. ಈಗ ಒಳಪದರವನ್ನಷ್ಟೇ ಕೂರಿಸಬಹುದು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜಕುಮಾರ್ ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಹಂಚಿದರು: ಮುಂಪದರ ಇಬ್ಬರಿಗೆ, ಒಳಪದರ ಇನ್ನಿಬ್ಬರಿಗೆ.