ಗೊಂಬೆಗಳ ಕಾಲಡಿಯ ನೆಲ

ಬೆಂಗಳೂರಿನ ಪಶ್ಚಿಮದ ಶ್ರೀಗಂಧದ ಕಾವಲ್‌ನ ಹೆಸರಿನಲ್ಲೇ ಹುಲ್ಲುಗಾವಲಿದೆ. ಮೈಸೂರು ಸೀಮೆಯಲ್ಲಿ ‘ಕಾವಲ್’ ಎಂದರೆ ದನಗಳ ಮೇವಿಗೆ ಕಾದಿರಿಸಿದ ನೆಲ. ಈಗ ಅಲ್ಲಿ ಮನೆಗಳು ತುಂಬಿವೆ. ಆದರೆ ಈ ಸೀಮೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಅಂಗೈಯಗಲದ ಹುಲ್ಲುಗಾವಲು ಇಂದಿಗೂ ಚಿಗುರುತ್ತದೆ. ಹಬ್ಬಕ್ಕೆ ವಾರ ಮೊದಲು ಮಣ್ಣಿಗೆ ರಾಗಿ ಚೆಲ್ಲಿದರೆ ಹಸಿರು, ಕನ್ನಡಿಯಿಟ್ಟರೆ ಕೆರೆ, ಕಲ್ಲು ಪೇರಿಸಿದರೆ ಬೆಟ್ಟ.

ಪುಟ್ಟ ಗೊಂಬೆಗಳಿಗೆ ಹೀಗೆ ನೆಲ ಕಟ್ಟುವ ಕೆಲಸ ಯೂರೋಪಿನಲ್ಲಿ ಯುದ್ಧದಾಟಕ್ಕೂ ಒದಗಿತು. 1812ರಲ್ಲಿ ರೈಸ್‌ವಿಟ್ಸ್ ಎಂಬಾತ ಪ್ರಷ್ಯದ ದೊರೆಗೆ ಒಪ್ಪಿಸಿದ ಮೇಜಿನಲ್ಲಿ ಬೆಟ್ಟ, ನದಿ, ರಸ್ತೆಗಳನ್ನು ಮೂಡಿಸಿದ ಬಿಲ್ಲೆಗಳನ್ನು ಬೇಕಾದಂತೆ ಜೋಡಿಸಬಹುದಿತ್ತು. ಅದು ಅರಮನೆಯ ವಸ್ತು. 1824ರಲ್ಲಿ ಅವನ ಮಗ ಆಟವನ್ನು ಭೂಪಟಕ್ಕೆ ಇಳಿಸಿದ ಮೇಲೆ ಸೇನಾಧಿಕಾರಿಗಳ ಕೈಗೆ ಬಂತು. 1913ರಲ್ಲಿ ‘ಲಿಟಲ್ ವಾರ್ಸ್’ ಬರೆದ ಎಚ್.ಜಿ. ವೆಲ್ಸ್ ಮರದ ತುಂಡುಗಳಿಂದ ಊರು, ತೋಟದ ರೆಂಬೆಗಳಿಂದ ಕಾಡು ಕಟ್ಟಿದರು.

ಇಂದು ಅಂಗಡಿಯಲ್ಲಿ ಪ್ಲಾಸ್ಟಿಕ್ ಹುಲ್ಲಿನ ಹಾಸು ಸಿಗುತ್ತದೆ. ತಂದ ದಿನವೇ ಸಿದ್ಧ. ರಾಗಿ ಎಂದು ಚೆಲ್ಲಬೇಕು, ಎಷ್ಟು ನೀರು ಚಿಮುಕಿಸಬೇಕು ಎಂಬುದು ಮಾತ್ರ ಅಜ್ಜಿಯಿಂದ ಮೊಮ್ಮಕ್ಕಳಿಗೆ ಬಂದ ತಿಳಿವಳಿಕೆ. ಕೆಲವು ವರ್ಷ ಕೈಬಿಟ್ಟರೆ ಹೇಳಿಕೊಡುವವರೇ ಇರುವುದಿಲ್ಲ. ಬರುವ ದಸರೆಗೆ ಒಂದು ಹಿಡಿ ರಾಗಿ ಎತ್ತಿಡೋಣ.