ಪಾಂಬನ್ ಸೇತುವೆ ದಾಟಿದವರು

2017ರ ಡಿಸೆಂಬರ್ ರಜೆಯಲ್ಲಿ ನಾವು ನಾಲ್ಕೈದು ಜನ ಮೇಷ್ಟ್ರುಗಳು ಸಮುದ್ರ ನೋಡೋಣ ಅಂತ ರಾಮೇಶ್ವರಕ್ಕೆ ಹೋಗಿದ್ದೆವು. ಪಾಂಬನ್ನಿನ ರಸ್ತೆ ಸೇತುವೆಯ ಮೇಲೆ ಬಸ್ಸಿಳಿದು ನೋಡಿದರೆ, ಪಕ್ಕದ ರೈಲು ಸೇತುವೆ ನಡುವೆ ಬಾಯಿಬಿಟ್ಟು ನಿಂತಿತ್ತು! ಕಬ್ಬಿಣದ ಎರಡು ರೆಕ್ಕೆಗಳು ಮೇಲೆದ್ದಿದ್ದವು. ಕೆಳಗೆ ಹಡಗು ಸಾಗಿತ್ತು. ರೆಕ್ಕೆ ಎತ್ತಿದ್ದು ಮೋಟಾರಲ್ಲ, ಮನುಷ್ಯರು. ರೈಲ್ವೆ ಕೆಲಸಗಾರರು ಎರಡೂ ಕಡೆ ನಿಂತು ಕೈಯಿಂದಲೇ ತಿರುಗಿಸಿ ಎತ್ತಿದ್ದರು.

ಎರಡು ಕಿಲೋಮೀಟರಿಗೂ ಉದ್ದದ ಈ ಸೇತುವೆಯಲ್ಲಿ ರೈಲು ಓಡಿದ್ದು 1914ರಿಂದ. ಮೇಲೇಳುವ ಭಾಗಕ್ಕೆ ಅಮೆರಿಕದ ಇಂಜಿನಿಯರ್ ಷೆರ್ಜರನ ಹೆಸರಿದೆ. 1964ರ ಡಿಸೆಂಬರ್ ಚಂಡಮಾರುತದಲ್ಲಿ ಮುರಿದ ಸೇತುವೆಯನ್ನು 46 ದಿನದಲ್ಲಿ ಸರಿಮಾಡಿಸಿದ ಇ. ಶ್ರೀಧರನ್ ಹೆಸರೂ ಇದೆ. ಇರಲಿ, ಅವರು ದುಡಿದವರೇ. ಆದರೆ ನೀರಿಗಿಳಿದು ಗರ್ಡರ್ ಎತ್ತಿದವರ ಹೆಸರು ಎಲ್ಲಿ?

ಈ ಸೇತುವೆ ಯಾತ್ರಿಕರಿಗಾಗಿ ಮಾತ್ರ ಹುಟ್ಟಿದ್ದಲ್ಲ. ಧನುಷ್ಕೋಡಿವರೆಗೆ ರೈಲು, ಅಲ್ಲಿಂದ ಸಿಲೋನಿನ ತಲೈಮನ್ನಾರಿಗೆ ಸ್ಟೀಮರು. ಬಿಳಿಯರ ಚಹಾ ತೋಟಗಳಿಗೆ ತಮಿಳುನಾಡಿನ ಕೂಲಿಗಳು ಹೋದದ್ದು ಈ ದಾರಿಯಲ್ಲೇ. ಅವರಲ್ಲಿ ಬಹಳ ಮಂದಿ ಹೊಲಗೇರಿಯವರು, ತುಂಡು ಭೂಮಿಯೂ ಇಲ್ಲದವರು. ಸೇತುವೆಯ ಈಚೆ ದಡದ ಮಂಡಪಂ ಕ್ಯಾಂಪಿನಲ್ಲಿ ಅವರನ್ನು ತಡೆದು, ರೋಗವಿದೆಯೋ ಅಂತ ಪರೀಕ್ಷಿಸಿ ಆಮೇಲೆ ದಾಟಿಸುತ್ತಿದ್ದರು. ಊರಲ್ಲಿ ಜಾತಿಯ ಮುಟ್ಟು, ದಡದಲ್ಲಿ ರೋಗದ ಮುಟ್ಟು!

ದಾಟಿದ ಮೇಲಾದರೂ ನೆಲ ಸಿಕ್ಕಿತೇ? 1948ರ ಸಿಲೋನ್ ಪೌರತ್ವ ಕಾಯಿದೆ ಅವರಲ್ಲಿ ಬಹುಪಾಲು ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರಿನಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಕೂತು ಲೆಕ್ಕ ಹಾಕಿದರು: 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ. ಉಳಿದ 1,50,000 ಜನರ ವಿಚಾರ ಆಮೇಲೆ ನೋಡೋಣ! ದನಗಳನ್ನು ಪಾಲು ಮಾಡುವಾಗಲೂ ಅದರ ಹಗ್ಗ ಹಿಡಿದವನನ್ನು ಒಂದು ಮಾತು ಕೇಳುತ್ತಾರೆ. ಇವರನ್ನು ಯಾರೂ ಕೇಳಲಿಲ್ಲ.

ಎರಡೇ ತಿಂಗಳಲ್ಲಿ ಚಂಡಮಾರುತ ಬಂತು. ಧನುಷ್ಕೋಡಿಗೆ ಹೊರಟಿದ್ದ ರೈಲು ಪ್ರಯಾಣಿಕರ ಸಮೇತ ಕಡಲ ಪಾಲಾಯಿತು. ಧನುಷ್ಕೋಡಿ ಊರೇ ಅಳಿಯಿತು. ಮುಂದೆ ವಾಪಸು ಬಂದವರು ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗಿನಲ್ಲಿ ಬಂದಿಳಿದರು. ಅಜ್ಜ ಕೂಲಿಯಾಗಿ ದಾಟಿದ್ದ ನೀರನ್ನು ಮೊಮ್ಮಗ ನಿರಾಶ್ರಿತನಾಗಿ ದಾಟಿದ. ಅವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಿಗೂ ಬಂದರು. ಚಹಾ ಚಿಗುರು ಕೀಳುತ್ತಿದ್ದ ಕೈಗೆ ಇಲ್ಲಿ ರಬ್ಬರ್ ಕತ್ತಿ. ದೇಶ ಬದಲಾಯಿತು, ಕೂಲಿ ಬದಲಾಗಲಿಲ್ಲ.

2022ರ ಡಿಸೆಂಬರಿನಲ್ಲಿ ಹಳೆಯ ಸೇತುವೆಯ ಮೇಲೆ ರೈಲು ನಿಂತಿತು. 2025ರ ಏಪ್ರಿಲಿನಲ್ಲಿ ಪಕ್ಕದಲ್ಲೇ ಹೊಸದು ತೆರೆಯಿತು. ಅದರ ನಡುಭಾಗವನ್ನು ಮೋಟಾರು ನೆಟ್ಟಗೆ ಮೇಲೆತ್ತುತ್ತದೆ. ಕೈ ನೋವು ತಪ್ಪಿದ್ದು ಒಳ್ಳೆಯದೇ. ಕೈಗಳನ್ನೇ ಮರೆಯುವುದು ಮಾತ್ರ ಬೇಡ.

ಗೆಳೆಯರೇ, ಮಕ್ಕಳಿಗೆ ಸೇತುವೆಯ ಪಾಠ ಮಾಡುವಾಗ ಉದ್ದ ಎಷ್ಟು, ಕಟ್ಟಿಸಿದವರು ಯಾರು ಅಂತಷ್ಟೇ ಕೇಳಿ ಕೈಬಿಡಬೇಡಿ. ಅದರ ಮೇಲೆ ಯಾರು ಹೋದರು, ಯಾಕೆ ಹೋದರು, ತಿರುಗಿ ಹೇಗೆ ಬಂದರು ಅಂತಲೂ ಕೇಳಿ. ನಮ್ಮ ಚರಿತ್ರೆ ಶುರುವಾಗುವುದು ಆ ಪ್ರಶ್ನೆಯಿಂದ.