ಕೊಕ್ಕರೆ ಬೆಳ್ಳೂರಿನ ಮರಗಳು: ಒಂದು ಒಡಂಬಡಿಕೆಯ ಇತಿಹಾಸ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಹಕ್ಕಿಗಳಿಂದಲೇ ಹೆಸರು ಪಡೆದ ಗ್ರಾಮ. ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಇಲ್ಲಿ ಗೂಡು ಕಟ್ಟುವುದು ಕಾಡಿನಲ್ಲಲ್ಲ, ಹೊಳೆಯ ನಡುಗಡ್ಡೆಯಲ್ಲೂ ಅಲ್ಲ. ಮನೆಗಳ ನಡುವೆ, ಹಿತ್ತಿಲುಗಳಲ್ಲಿ ಬೆಳೆದು ನಿಂತ ಹುಣಿಸೆ, ಅರಳಿ ಮೊದಲಾದ ಮರಗಳ ಮೇಲೆ. ಈ ಮರಗಳಿಗೆ ಒಡೆಯರುಂಟು. ಹೀಗಿರುವಲ್ಲಿ ಹಕ್ಕಿಯ ನೆಲೆಯನ್ನು ಉಳಿಸುವ ವೆಚ್ಚವನ್ನು ಯಾರು ಹೊತ್ತರು, ಯಾವ ಕರಾರಿನ ಮೇಲೆ ಹೊತ್ತರು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪ್ರಾಚೀನತೆಯ ಮಾತು. ಟಿ. ಸಿ. ಜರ್ಡನ್ನನು 1860ರ ದಶಕದಲ್ಲಿ ಪ್ರಕಟಿಸಿದ ಭಾರತದ ಪಕ್ಷಿಗಳ ಗ್ರಂಥದಲ್ಲಿ, ‘ಕರ್ನಾಟಿಕ್’ ಸೀಮೆಯ ಒಂದು ಹಳ್ಳಿಯ ನಡುವಣ ಮರಗಳಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟಿದ್ದನ್ನು ಕಂಡುದಾಗಿ ಹೇಳಿದ್ದಾನೆ. ಆ ಹಳ್ಳಿ ಬೆಳ್ಳೂರೇ ಎಂದು ಬರೆದವರುಂಟು. ನಾವು ಇದನ್ನು ಒಪ್ಪಲಾರೆವು. ಕಂಪನಿಯ ಕಾಲದ ಬರಹಗಳಲ್ಲಿ ಆ ಹೆಸರು ಬಹುಮಟ್ಟಿಗೆ ಘಟ್ಟದ ಕೆಳಗಣ ಪೂರ್ವದ ಬಯಲಿಗೆ ಸಲ್ಲುತ್ತಿತ್ತೇ ಹೊರತು ಮೈಸೂರು ಸೀಮೆಗಲ್ಲ. ಹೆಸರಿನ ಸಾಮ್ಯವೊಂದೇ ಸಾಕ್ಷ್ಯವಾಗದು. ಇನ್ನು, ಪ್ಲೇಗಿಗೆ ಹೆದರಿ ಊರು ಶಿಂಷಾ ನದಿಯ ದಡವನ್ನು ಬಿಟ್ಟು ಬಂದಾಗ ಹಕ್ಕಿಗಳೂ ಹಿಂದೆಯೇ ಬಂದುವೆಂಬ ಐತಿಹ್ಯವಿದೆ. ಊರಿನವರು ಹಕ್ಕಿಯನ್ನು ತಮ್ಮವರಲ್ಲಿ ಒಬ್ಬರೆಂದು ಎಣಿಸಿದ್ದರೆಂಬುದಕ್ಕೆ ಅದು ಪ್ರಮಾಣ.

ಈ ಎಣಿಕೆಗೆ ಆದಾಯದ ಆಧಾರವೂ ಇತ್ತು. ಮರದ ಬುಡದಲ್ಲಿ ಗುಂಡಿ ತೋಡಿ, ಬೀಳುವ ಹಿಕ್ಕೆಯನ್ನು ಸಂಗ್ರಹಿಸಿ ಹೊಲಗದ್ದೆಗಳಿಗೆ ಗೊಬ್ಬರವಾಗಿ ಹಾಕುವುದು ಇಲ್ಲಿಯ ರೂಢಿ. ಇದೇ ಬಗೆಯ ಲಾಭ ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯ ವೇಡಂತಾಂಗಲ್ ಗ್ರಾಮದಲ್ಲಿಯೂ ಕಾಣುತ್ತದೆ. ಅಲ್ಲಿ ಹಿಕ್ಕೆ ಬೆರೆತ ಕೆರೆಯ ನೀರೇ ಗದ್ದೆಗೆ ಗೊಬ್ಬರ. ಹಕ್ಕಿಗಳನ್ನು ಬೇಟೆಯಾಡುತ್ತಿದ್ದವರ ಮೇಲೆ ಆ ಊರಿನವರು ದೂರಿತ್ತು, 1798ರ ಸುಮಾರಿಗೆ ಕಲೆಕ್ಟರ್ ಲಯೊನೆಲ್ ಪ್ಲೇಸ್‌ನಿಂದ ಕೌಲು ಪಡೆದರು. 1858ರಲ್ಲಿ ಅದು ನವೀಕೃತವಾಯಿತೆಂದು ಹೇಳಲಾಗಿದೆ. ಸರ್ಕಾರವು ಅಲ್ಲಿ ಹಣವನ್ನು ಕೊಡಲಿಲ್ಲ, ಹಕ್ಕನ್ನು ಮಾನ್ಯ ಮಾಡಿತು.

ಬೆಳ್ಳೂರಿನಲ್ಲಿ ಹಾಗಾಗಲಿಲ್ಲ. ಹುಣಿಸೆ ಹಣ್ಣಾಗುವ ಕಾಲವೂ ಹಕ್ಕಿ ಮರಿಮಾಡುವ ಕಾಲವೂ ಒಂದೇ. ಮರವನ್ನು ಬಡಿದರೆ ಗೂಡು ಕೆಡುತ್ತದೆ, ಬಿಟ್ಟರೆ ಫಸಲು ಕೆಡುತ್ತದೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ನೆಲೆಯನ್ನು ಸರ್ಕಾರದ ಗಮನಕ್ಕೆ ತಂದ ತರುವಾಯ, ಗೂಡುಗಳಿರುವ ಮರದ ಒಡೆಯನಿಗೆ ಇಲಾಖೆಯು ಪರಿಹಾರ ಕೊಡುವ ಪದ್ಧತಿ ಬಂದಿತು.

ಈ ಪದ್ಧತಿಯ ಸ್ವರೂಪವನ್ನು ನಾವು ತುಸು ನಿಂತು ನೋಡಬೇಕು. ನಮ್ಮ ಶಾಸನಗಳಲ್ಲಿ ಕೆರೆಯ ಪಾಲನೆಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಭೂಮಿಯನ್ನು ಬಿಟ್ಟುದು ಕಂಡುಬರುತ್ತದೆ. ಅದು ನಷ್ಟಕ್ಕೆ ತೆತ್ತ ಬೆಲೆಯಲ್ಲ, ಕಾಯುವ ಕೆಲಸಕ್ಕೆ ಕೊಟ್ಟ ಶಾಶ್ವತವಾದ ಉತ್ಪತ್ತಿ. ಬೆಳ್ಳೂರಿನ ಪರಿಹಾರವಾದರೋ ಹಣ್ಣಿನ ನಷ್ಟಕ್ಕೆ ತೆತ್ತದ್ದು. ಹಣ್ಣಿನ ಬೆಲೆಗೆ ಪರಿಹಾರ ಸರಿದೂಗಿದರೂ ಮರದ ದಿಮ್ಮಿಯ ಬೆಲೆಗೋ ಮನೆ ಕಟ್ಟುವ ನಿವೇಶನದ ಬೆಲೆಗೋ ಅದು ಸರಿದೂಗಲಾರದು. ಮಗಳ ಮದುವೆಗೆ ಹಣ ಬೇಕಾದ ಒಕ್ಕಲಿಗನು ಮರವನ್ನು ಮಾರಿದರೆ ಅವನನ್ನು ದೂರುವ ಅಧಿಕಾರ ಪೇಟೆಯ ಪಕ್ಷಿಪ್ರಿಯರಿಗೆ ಇದೆಯೆಂದು ನಮಗೆ ತೋರುವುದಿಲ್ಲ.

1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಾಸಕ್ತರೂ ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ವೂ ಈ ಒಡಂಬಡಿಕೆಯಲ್ಲಿ ಸೇರಿದರು. ಗೂಡಿನಿಂದ ಬಿದ್ದ ಮರಿಗಳನ್ನು ಆವರಣದಲ್ಲಿಟ್ಟು, ಮೀನು ತಿನ್ನಿಸಿ ಸಾಕುವುದು ಬಳಗದ ಕೆಲಸ. ವನ್ಯಜೀವಿ ಸಂರಕ್ಷಣಾ ಕಾಯಿದೆಯ 2002ರ ತಿದ್ದುಪಡಿಯನ್ನು ಅನುಸರಿಸಿ 2007ರಲ್ಲಿ ಗ್ರಾಮವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಈ ವ್ಯವಸ್ಥೆಯಲ್ಲಿ ಪಂಚಾಯತಿಯ ಪ್ರತಿನಿಧಿಗಳು ಇಲಾಖೆಯವರೊಡನೆ ಸಮಿತಿಯಲ್ಲಿ ಕೂಡುತ್ತಾರೆ; ಮರ ಮಾತ್ರ ಒಡೆಯನದಾಗಿಯೇ ಉಳಿಯುತ್ತದೆ.

2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಇಲ್ಲಿ ಅನೇಕ ಹೆಜ್ಜಾರ್ಲೆಗಳು ಸತ್ತುಬಿದ್ದುವು. ಪರೀಕ್ಷಿಸಿದ ಹಕ್ಕಿಗಳ ಒಡಲಲ್ಲಿ ಜಂತುಹುಳುಗಳಿದ್ದುವು. ಇವು ಮೀನಿನ ಮೂಲಕ ಹಕ್ಕಿಯನ್ನು ಸೇರುವಂಥವು. ಹೆಜ್ಜಾರ್ಲೆ ಮೀನು ಹಿಡಿಯುವುದು ಊರ ಹೊರಗಿನ ಕೆರೆಗಳಲ್ಲಿ. ಇಷ್ಟು ವರ್ಷಗಳ ಕರಾರು ನಡೆದಿದ್ದುದು ಮರದ ಒಡೆಯನೊಡನೆ. ಆ ಕೆರೆಗಳ ನೀರಿನ ಹೊಣೆ ಅದರೊಳಗೆ ಸೇರಿರಲಿಲ್ಲ.